ಹೊಸ ವೇಷಕ್ಕೆ ಯಾರೂ ತಕರಾರು ಮಾಡಿಲ್ಲ

ಮಾನ್ಯ ಸಂಪಾದಕರೇ,

ಹಳೆಯ ವಿಜ್ಞಾನ ಕಥಾ ಚಿತ್ರಸರಣಿಗಳನ್ನು ಹೊಸ ನಟರೊಂದಿಗೆ ಮತ್ತೆ ಮೊದಲಿನಿಂದ ಶುರುಮಾಡುವ, ಈಗ ಎಲ್ಲರ ಬಾಯಲ್ಲಿರುವ ಮಾತಿನಲ್ಲಿ ಹೇಳುವುದಾದರೆ 'ರೀಬೂಟ್' ಮಾಡುವ ಪದ್ಧತಿಯ ಬಗ್ಗೆ ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಲೇಖಕರು, ಬಾಹ್ಯಾಕಾಶ ನೌಕೆಯೊಂದರಲ್ಲಿ ಗ್ರಹದಿಂದ ಗ್ರಹಕ್ಕೆ ಸಾಗುವ ತಂಡದ ಕಥೆಯಾದ ಸ್ಟಾರ್ ಟ್ರೆಕ್ ಸರಣಿಯ 2009, 2013 ಮತ್ತು 2016ರ ಚಿತ್ರಗಳನ್ನು ಉದಾಹರಣೆಗೆ ತೆಗೆದುಕೊಂಡು, ಅವುಗಳ ವಿರುದ್ಧ ಹಳೆಯ ಅಭಿಮಾನಿಗಳು ಎತ್ತಿದ ಆಕ್ಷೇಪಗಳೆಲ್ಲ ಬಾಲ್ಯದ ಆಟಿಕೆಯನ್ನು ಇನ್ನೊಬ್ಬರ ಕೈಗೆ ಕೊಡಲು ಒಪ್ಪದ ದೊಡ್ಡವರ ಹಟವೆಂದು ತೀರ್ಪು ಕೊಟ್ಟಿದ್ದಾರೆ. ಆ ತೀರ್ಪನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಗೊತ್ತು. ಕತ್ತರಿಸುವ ಅಧಿಕಾರ ನಿಮ್ಮದು; ಖಾನ್ ಎಂಬ ಖಳಪಾತ್ರದ ವಿಷಯ ಬರುವ ಭಾಗವನ್ನಾದರೂ ಉಳಿಸಿಕೊಂಡರೆ ಉಪಕಾರವಾದೀತು.

ಮೊದಲು ನನ್ನ ಅರ್ಹತೆ. ಉಡುಪಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. 1980ರ ದಶಕದಲ್ಲಿ ದೂರದರ್ಶನವು ಸ್ಟಾರ್ ಟ್ರೆಕ್‌ನ ಮೂಲ ಧಾರಾವಾಹಿಯನ್ನು ಭಾನುವಾರ ಬೆಳಿಗ್ಗೆ ಪ್ರಸಾರ ಮಾಡುತ್ತಿದ್ದಾಗ, ನಮ್ಮ ಆಸುಪಾಸಿಗೆಲ್ಲ ಒಂದೇ ಆಗಿದ್ದ ಟಿ.ವಿ.ಯ ಮುಂದೆ ಹತ್ತಿಪ್ಪತ್ತು ಜನ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಆಂಟೆನಾವನ್ನು ಅಡಕೆ ಮರದ ಕಂಬಕ್ಕೆ ಕಟ್ಟಿದ್ದರು. ಗಾಳಿ ಬಂದರೆ ಒಬ್ಬ ಅಂಗಳಕ್ಕಿಳಿದು ಕಂಬ ತಿರುಗಿಸಬೇಕು, ಒಳಗಿನವರು 'ಬಂತು, ಬಂತು, ಹೋಯಿತು' ಎಂದು ಕೂಗಬೇಕು. ಅಷ್ಟರಲ್ಲಿ ಅರ್ಧ ಕಥೆ ಮುಗಿದಿರುತ್ತಿತ್ತು. ಇಂಗ್ಲಿಷ್ ಸಂಭಾಷಣೆಯಲ್ಲಿ ನಮಗೆ ಅರ್ಥವಾಗುತ್ತಿದ್ದುದು ಕಾಲುಭಾಗ ಮಾತ್ರ. ಆ ಧಾರಾವಾಹಿಯಲ್ಲಿ ಅಪರಿಚಿತ ಗ್ರಹಕ್ಕೆ ಇಳಿಯುವ ತಂಡದೊಳಗೆ ಕೆಂಪು ಅಂಗಿ ತೊಟ್ಟ ಹೊಸಬನಿದ್ದರೆ ಅವನು ಸಾಯುವುದು ಖಚಿತ ಎಂಬುದು ಜಗತ್ತಿನ ಅಭಿಮಾನಿಗಳ ನಡುವಿನ ಹಳೆಯ ತಮಾಷೆ. ನಮ್ಮದು ಕಪ್ಪು-ಬಿಳುಪು ಪೆಟ್ಟಿಗೆಯಾದ್ದರಿಂದ ಎಲ್ಲರ ಅಂಗಿಯೂ ಬೂದಿ ಬಣ್ಣದ್ದೇ. ಆ ತಮಾಷೆ ನನಗೆ ತಿಳಿದದ್ದು ಇಪ್ಪತ್ತೈದು ವರ್ಷಗಳ ಬಳಿಕ.

ಅಭಿಮಾನಿಗಳೆಂದರೆ ಬದಲಾವಣೆಗೆ ಅಡ್ಡಗಾಲು ಹಾಕುವವರು ಎಂಬುದು ನಿಮ್ಮ ಲೇಖಕರ ಧೋರಣೆ. ಆದರೆ ಈ ಸರಣಿಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಜೀನ್ ರಾಡನ್‌ಬೆರಿ ಸೃಷ್ಟಿಸಿದ ಧಾರಾವಾಹಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಂದು ಆರಂಭವಾಯಿತು. ಎರಡನೆಯ ವರ್ಷಕ್ಕೇ ಅದನ್ನು ನಿಲ್ಲಿಸುವ ಮಾತು ಹಬ್ಬಿದಾಗ ಅಭಿಮಾನಿಗಳು ಕೈಕಟ್ಟಿ ಕೂರಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಪತ್ರಗಳನ್ನು ವಾಹಿನಿಗೆ ಬರೆದರು. 1968ರ ಮಾರ್ಚ್‌ನಲ್ಲಿ ವಾಹಿನಿಯು ಒಂದು ಕಂತಿನ ಕೊನೆಗೆ, ಧಾರಾವಾಹಿ ಮುಂದುವರಿಯುತ್ತದೆ ಎಂದು ಪ್ರಸಾರದಲ್ಲೇ ಪ್ರಕಟಿಸಬೇಕಾಯಿತು. ಹಾಗೆ ದಕ್ಕಿದ ಮೂರನೆಯ ವರ್ಷವೂ ಸೇರಿ ಒಟ್ಟು 79 ಕಂತುಗಳಾದವು, ಮರುಪ್ರಸಾರಕ್ಕೆ ಸಾಕಾಗುವಷ್ಟು ಸರಕಾಯಿತು, ಆ ಮರುಪ್ರಸಾರದಿಂದಲೇ ಜನಪ್ರಿಯತೆ ಬೆಳೆದು 1979ರಲ್ಲಿ ಮೊದಲ ಚಲನಚಿತ್ರ ಬಂತು. 1976ರಲ್ಲಿ ಅಮೆರಿಕದ ಮೊದಲ ಸ್ಪೇಸ್ ಶಟಲ್ ನೌಕೆಗೆ ಇಟ್ಟಿದ್ದ ಬೇರೆ ಹೆಸರನ್ನು ಬಿಡಿಸಿ, ಧಾರಾವಾಹಿಯ ನೌಕೆಯದೇ ಆದ ಎಂಟರ್‌ಪ್ರೈಸ್ ಎಂಬ ಹೆಸರು ಬರುವಂತೆ ಮಾಡಿದ್ದೂ ಈ ಜನರ ಪತ್ರಗಳೇ. (ಆ ನೌಕೆ ಪರೀಕ್ಷಾ ಹಾರಾಟಗಳನ್ನು ಮಾತ್ರ ಮಾಡಿತು, ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ.) ಅಂದಮೇಲೆ 2009ರಲ್ಲಿ ಸರಣಿಯನ್ನು ಹೊಸದಾಗಿ ಆರಂಭಿಸಲು ನಿರ್ಮಾಪಕರ ಕೈಯಲ್ಲಿ ಏನಾದರೂ ಉಳಿದಿದ್ದರೆ ಅದು ಅಂಚೆಚೀಟಿಗೆ ಸ್ವಂತ ದುಡ್ಡು ಹಾಕಿದ ಈ ಜನರಿಂದ. ಓದುಗರ ಪತ್ರಗಳ ಅಂಕಣ ನಡೆಸುವ ಪತ್ರಿಕೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2009ರಲ್ಲಿ ಜೆ. ಜೆ. ಅಬ್ರಾಮ್ಸ್ ನಿರ್ದೇಶಿಸಿದ ಚಿತ್ರಕ್ಕೆ ಅಭಿಮಾನಿಗಳು ಹೇಗೆ ಪ್ರತಿಕ್ರಿಯಿಸಿದರು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಿಲಿಯಂ ಶ್ಯಾಟ್ನರ್ ನಲವತ್ತು ವರ್ಷ ಗುರುತಾಗಿದ್ದ ಕಪ್ತಾನ ಕರ್ಕ್‌ನ ಪಾತ್ರಕ್ಕೆ ಕ್ರಿಸ್ ಪೈನ್ ಬಂದರು, ಲಿಯೊನಾರ್ಡ್ ನಿಮೊಯ್ ಅವರ ವಿಜ್ಞಾನಾಧಿಕಾರಿ ಸ್ಪಾಕ್ ಪಾತ್ರಕ್ಕೆ ಜಾಕರಿ ಕ್ವಿಂಟೊ ಬಂದರು. ಹಟವೇ ಕಾರಣವಾಗಿದ್ದರೆ ಮೊದಲ ಗಲಾಟೆ ಇಲ್ಲಿಯೇ ಆಗಬೇಕಿತ್ತು. ಬಿಡುಗಡೆಗೆ ಮುನ್ನ ಗುಸುಗುಸು ಇತ್ತು, ನಿಜ. ಆದರೆ ಚಿತ್ರ ನೋಡಿ ಹೊರಬಂದವರಲ್ಲಿ ಬಹುಮಂದಿ ಹೊಸ ಮುಖಗಳನ್ನು ಒಪ್ಪಿಕೊಂಡರು. ಡಾಕ್ಟರ್ ಮೆಕಾಯ್ ಪಾತ್ರದಲ್ಲಿ ಕಾರ್ಲ್ ಅರ್ಬನ್ ಅವರನ್ನಂತೂ ಹಳಬರೇ ಕೊಂಡಾಡಿದರು. ಕಥೆ ಹೆಣೆದವರೂ ಒಂದು ಜಾಣತನ ತೋರಿಸಿದ್ದರು: 2387ನೆಯ ಇಸವಿಯಿಂದ ಕಾಲದಲ್ಲಿ ಹಿಂದಕ್ಕೆ ಜಾರಿದ ಖಳನೊಬ್ಬ ಕರ್ಕ್ ಹುಟ್ಟುವ ದಿನವೇ ಚರಿತ್ರೆಯನ್ನು ಕೆಡಿಸುತ್ತಾನೆ, ಅಲ್ಲಿಂದ ಕಾಲ ಕವಲೊಡೆಯುತ್ತದೆ, ಹಳೆಯ ಕಥೆಗಳೆಲ್ಲ ಒಂದು ಕವಲಿನಲ್ಲಿ ಇದ್ದಂತೆಯೇ ಇರುತ್ತವೆ, ಹೊಸ ಚಿತ್ರಗಳು ಇನ್ನೊಂದು ಕವಲಿನಲ್ಲಿ ನಡೆಯುತ್ತವೆ. ಹಳೆಯ ಕವಲಿನಿಂದ ಬಂದ ಮುದಿ ಸ್ಪಾಕ್ ಆಗಿ ನಿಮೊಯ್ ಅವರೇ ತೆರೆಯ ಮೇಲೆ ಬಂದು ಹೊಸಬರನ್ನು ಹರಸಿದಂತಾಯಿತು. ಆರುನೂರು ಕೋಟಿ ಜನರಿದ್ದ, ಸ್ಪಾಕ್‌ನ ತವರಾದ ವಲ್ಕನ್ ಗ್ರಹ ನಾಶವಾಗಿ ಹತ್ತು ಸಾವಿರದಷ್ಟು ಮಂದಿ ಮಾತ್ರ ಉಳಿದದ್ದು ಹಲವರಿಗೆ ನುಂಗಲಾರದ ತುತ್ತಾಯಿತು. ಆದರೂ ಅದನ್ನು ಮೋಸವೆಂದವರು ಕಡಿಮೆ, ಏಕೆಂದರೆ ಆ ನಾಶಕ್ಕೆ ಕಥೆಯಲ್ಲಿ ಪರಿಣಾಮವಿತ್ತು. ತಾಯಿಯನ್ನೂ ತಾಯ್ನೆಲವನ್ನೂ ಒಂದೇ ಗಳಿಗೆಯಲ್ಲಿ ಕಳೆದುಕೊಂಡ ಸ್ಪಾಕ್ ಆಮೇಲೆ ಬೇರೆಯೇ ಮನುಷ್ಯನಾಗುತ್ತಾನೆ.

ಸಣ್ಣಪುಟ್ಟ ತಕರಾರುಗಳಿಗೆ ಕೊರತೆಯಿರಲಿಲ್ಲ. ಎಂಟರ್‌ಪ್ರೈಸ್ ನೌಕೆಯ ಎಂಜಿನ್ ಕೋಣೆಯ ದೃಶ್ಯಗಳನ್ನು ಕ್ಯಾಲಿಫೋರ್ನಿಯಾದ ಬಿಯರ್ ಕಾರ್ಖಾನೆಯೊಂದರಲ್ಲಿ ಚಿತ್ರಿಸಿದ್ದರು. ಇಪ್ಪತ್ತಮೂರನೆಯ ಶತಮಾನದ ನೌಕೆಯಲ್ಲಿ ಇಷ್ಟೊಂದು ಕೊಳವೆ ಯಾಕೆ ಎಂದು ಜನ ನಕ್ಕರು. ಕ್ಯಾಮೆರಾದ ಮಸೂರಕ್ಕೆ ಬೆಳಕು ಬಡಿದು ಮೂಡುವ ಹೊಳಪಿನ ಗೆರೆಗಳು ಪ್ರತಿ ದೃಶ್ಯದಲ್ಲೂ ಕಣ್ಣಿಗೆ ಚುಚ್ಚಿದವು. ಅದು ಅತಿಯಾಯಿತೆಂದು ನಿರ್ದೇಶಕರೇ ಆಮೇಲೆ ಒಪ್ಪಿಕೊಂಡರು. ಇವನ್ನು ಹಟವೆಂದರೆ ನಾನು ವಾದಿಸುವುದಿಲ್ಲ. ಪ್ರೇಕ್ಷಕರ ಮನೆಯಂಗಳದ ಹರಟೆ ಇದು, ಎಲ್ಲ ಕಲೆಗಳಿಗೂ ಇರುವಂಥದ್ದು.

ನಮ್ಮ ಕರಾವಳಿಯಲ್ಲಿ ಹುಟ್ಟಿದವರಿಗೆ ಈ ಒಟ್ಟು ಪ್ರಕರಣವನ್ನು ಅರ್ಥಮಾಡಿಕೊಳ್ಳಲು ಇನ್ನೊಂದು ದಾರಿಯಿದೆ ಎಂದು ನನಗೆ ತೋರುತ್ತದೆ. ಒಂದೇ ಕಥೆಯನ್ನು ಮತ್ತೆ ಮತ್ತೆ, ಬೇರೆ ಬೇರೆ ಕಲಾವಿದರಿಂದ ನೋಡುವುದರಲ್ಲಿ ಯಕ್ಷಗಾನದ ಪ್ರೇಕ್ಷಕನಿಗಿಂತ ಪಳಗಿದವನು ಯಾರಿದ್ದಾನೆ? ವಾಲಿ ಸಾಯುತ್ತಾನೆಂದು ಚೌಕಿಯ ಹಿಂದೆ ಕಡಲೆ ಮಾರುವವನಿಗೂ ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ತಾಳಮದ್ದಳೆಯಲ್ಲಿ ಕೇಳಿದವರು, ಬಾಣ ತಿಂದು ಬಿದ್ದ ಮೇಲೆ ಅವನು ರಾಮನನ್ನು ಪ್ರಶ್ನೆಗಳಿಂದ ಕಟ್ಟಿಹಾಕುತ್ತಿದ್ದ ಬಗೆಯನ್ನು ಇವತ್ತಿಗೂ ನೆನೆಯುತ್ತಾರೆ. ಹಾಗೆಂದು ಅವರ ನಂತರ ಬಂದವರ ವಾಲಿಯನ್ನು ಕೇಳಲಾರೆವೆಂದು ಯಾರೂ ಎದ್ದುಹೋಗಲಿಲ್ಲ. ಶಿವರಾಮ ಕಾರಂತರು ಮಾತನ್ನು ತೆಗೆದು, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಯಕ್ಷಗಾನವನ್ನು ನೃತ್ಯರೂಪಕ್ಕೆ ತಂದಾಗ ಪರ-ವಿರೋಧ ಎರಡೂ ಜೋರಾಗಿಯೇ ನಡೆದವು. ಬೆಳಗಾಗುವವರೆಗಿನ ಆಟ ಕಾಲಮಿತಿಗೆ ಇಳಿದಾಗಲೂ ಅಷ್ಟೇ. ಆ ಜಗಳಗಳನ್ನು ನಾವು ಯಾರೂ ಮಕ್ಕಳ ರಂಪವೆಂದು ಕರೆಯಲಿಲ್ಲ, ರಸಿಕರ ಚರ್ಚೆ ಎಂದೆವು.

ಅದೇ ಪ್ರೇಕ್ಷಕ ಸಿಟ್ಟಾಗುವುದು ಎಲ್ಲಿ? ನನ್ನ ಭಾವನವರು ವರ್ಷಕ್ಕೆ ಮೂವತ್ತು ಆಟ ನೋಡುವ ಮನುಷ್ಯ, ಸಿನಿಮಾದ ಹತ್ತಿರ ಸುಳಿಯುವವರಲ್ಲ. 2013ರ ಸ್ಟಾರ್ ಟ್ರೆಕ್ ಚಿತ್ರದ ಕಥೆಯನ್ನು ಅವರಿಗೆ ಹೇಳಿ, ಜನ ಯಾಕೆ ಇಷ್ಟು ಕೋಪಗೊಂಡರೆಂದು ತಿಳಿಯುತ್ತದೆಯೇ ಎಂದು ಕೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಾ, 'ಅಲ್ಲ ಭಾವ, ವಾಲಿ ಬಿದ್ದ ಮೇಲೆ ಅಷ್ಟು ಹೊತ್ತು ಅರ್ಥ ಹೇಳಿ, ಸತ್ತು, ಭಾಗವತರು ಮಂಗಳ ಹಾಡುವ ಮೊದಲು ಮೈ ಕೊಡವಿಕೊಂಡು ಎದ್ದರೆ ನಾವು ಅತ್ತದ್ದು ಯಾರಿಗೆ?' ಎಂದರು.

ನಡೆದದ್ದು ಹೀಗೆ. 1982ರ ಚಿತ್ರದಲ್ಲಿ ಖಾನ್ ಎಂಬ ಖಳನ ದಾಳಿಯಿಂದ ನೌಕೆಯನ್ನು ಉಳಿಸಲು ಸ್ಪಾಕ್ ವಿಕಿರಣ ತುಂಬಿದ ಕೋಣೆಗೆ ತಾನಾಗಿ ನುಗ್ಗಿ ಎಂಜಿನ್ ಸರಿಪಡಿಸುತ್ತಾನೆ, ಗಾಜಿನ ಆಚೆ ಗೆಳೆಯ ಕರ್ಕ್ ನೋಡುತ್ತಿರುವಂತೆಯೇ ಸಾಯುತ್ತಾನೆ. ಸ್ಪಾಕ್ ಸಾಯುತ್ತಾನಂತೆ ಎಂಬ ಸುದ್ದಿ ಮೊದಲೇ ಸೋರಿ ಅಭಿಮಾನಿಗಳು ಆಗಲೂ ಪ್ರತಿಭಟಿಸಿದ್ದರು. ಆದರೆ ಚಿತ್ರ ನೋಡಿದ ಮೇಲೆ ಅದೇ ಜನ ಅದನ್ನು ಇಡೀ ಸರಣಿಯ ಶಿಖರವೆಂದು ಎತ್ತಿಹಿಡಿದರು; ತಪ್ಪು ತಿಳಿದಿದ್ದೆವು ಎಂದು ಒಪ್ಪಿಕೊಳ್ಳುವ ಗುಣ ಅವರಲ್ಲಿತ್ತು ಎಂಬುದನ್ನು ನಿಮ್ಮ ಲೇಖಕರು ಗಮನಿಸಬೇಕು. 1984ರಲ್ಲಿ ನಿಮೊಯ್ ಅವರೇ ನಿರ್ದೇಶಿಸಿದ ಮುಂದಿನ ಚಿತ್ರದಲ್ಲಿ ಸ್ಪಾಕ್ ಮರಳಿ ಬಂದ. ಆದರೆ ಅದಕ್ಕಾಗಿ ಕರ್ಕ್ ತನ್ನ ಮಗನನ್ನು ಕಳೆದುಕೊಂಡ, ಪ್ರಾಣದಂತಿದ್ದ ಎಂಟರ್‌ಪ್ರೈಸ್ ನೌಕೆಯನ್ನು ತನ್ನ ಕೈಯಾರೆ ಸ್ಫೋಟಿಸಿದ.

2013ರಲ್ಲಿ ಅದೇ ದೃಶ್ಯವನ್ನು ತಿರುವಿ ಹಾಕಿದರು. ಈ ಸಲ ಒಳಗೆ ಹೋಗಿ ಸಾಯುವವನು ಕರ್ಕ್, ಗಾಜಿನ ಹೊರಗೆ ನಿಲ್ಲುವವನು ಸ್ಪಾಕ್. ಗಾಜಿನ ಮೇಲೆ ಇಟ್ಟ ಕೈ ಅದೇ, ಮಾತುಗಳ ಜಾಡು ಅದೇ, ಖಾನ್‌ನ ಹೆಸರು ಹಿಡಿದು ಕೂಗುವ ಆರ್ತನಾದವೂ ಅದೇ. ಹಳೆಯ ಚಿತ್ರದಲ್ಲಿ ಆ ಇಬ್ಬರ ಗೆಳೆತನಕ್ಕೆ ಹದಿನಾರು ವರ್ಷಗಳ ಹಿನ್ನೆಲೆಯಿತ್ತು, ಇಲ್ಲಿ ಅವರು ಪರಸ್ಪರ ಪರಿಚಯವಾಗಿ ಒಂದೂವರೆ ಚಿತ್ರವಷ್ಟೇ ಆಗಿತ್ತು. ಇಷ್ಟಾದ ಮೇಲೆ ಕೆಲವೇ ನಿಮಿಷಗಳಲ್ಲಿ ಖಾನ್‌ನ ರಕ್ತವನ್ನು ಚುಚ್ಚಿ ಕರ್ಕ್‌ನನ್ನು ಎಬ್ಬಿಸಿ ಕೂರಿಸುತ್ತಾರೆ. ಆ ರಕ್ತಕ್ಕೆ ಸತ್ತದ್ದನ್ನು ಬದುಕಿಸುವ ಗುಣವಿದೆ ಎಂಬುದಕ್ಕೆ ಪುರಾವೆ, ರೋಮದ ಉಂಡೆಯಂತಹ ಸತ್ತ ಪ್ರಾಣಿಯೊಂದು ಡಾಕ್ಟರರ ಮೇಜಿನ ಮೇಲೆ ಉಸಿರಾಡಿದ್ದು! ಲಕ್ಷ್ಮಣನೂ ಸಂಜೀವಿನಿಯಿಂದ ಎದ್ದನಲ್ಲ ಎಂದು ಯಾರಾದರೂ ಕೇಳಬಹುದು. ಎದ್ದ, ನಿಜ, ಆದರೆ ಅದಕ್ಕಾಗಿ ಹನುಮಂತ ಬೆಟ್ಟವನ್ನೇ ಹೊತ್ತು ತರಬೇಕಾಯಿತು. ಇಲ್ಲಿ ಯಾರೂ ಏನನ್ನೂ ಹೊರಲಿಲ್ಲ. ಅಭಿಮಾನಿಗಳ ಕೋಪದ ಮೂಲ ಇದು: ತಾವು ಮೂವತ್ತು ವರ್ಷ ಕಾಪಿಟ್ಟ ದುಃಖವನ್ನು ಕೇಳದೆ ಸಾಲ ಪಡೆದು, ಅದೇ ಸಂಜೆ ಖರ್ಚುಮಾಡಿ ಕೈತೊಳೆದುಕೊಂಡರು ಎಂಬುದು.

ಇನ್ನು ಖಾನ್‌ನ ವಿಷಯ. ಈ ಪಾತ್ರದ ಪೂರ್ತಿ ಹೆಸರು ಖಾನ್ ನೂನಿಯೆನ್ ಸಿಂಗ್. ಅವನು ಮೊದಲು ಕಾಣಿಸಿಕೊಂಡ 1967ರ ಕಂತಿನಲ್ಲೇ ಅವನು ಉತ್ತರ ಭಾರತದ ಕಡೆಯವನು, ಬಹುಶಃ ಸಿಖ್ಖ ಎಂಬ ಮಾತು ಬರುತ್ತದೆ. ಆಗ ಅದನ್ನು ಮಾಡಿದವರು ಮೆಕ್ಸಿಕೊ ಮೂಲದ ರಿಕಾರ್ಡೊ ಮೊಂಟಾಲ್ಬಾನ್, 1982ರಲ್ಲೂ ಅವರೇ. 2013ರಲ್ಲಿ ಆ ಪಾತ್ರ ಇಂಗ್ಲೆಂಡಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅವರ ಪಾಲಾಯಿತು. ಕುಂಜಿಬೆಟ್ಟಿನ ನಮ್ಮ ಮನೆಯ ಮಹಡಿಯಲ್ಲಿ ಆ ವರ್ಷ ಬಾಡಿಗೆಗಿದ್ದ ನಾಲ್ವರು ಮಣಿಪಾಲದ ವಿದ್ಯಾರ್ಥಿಗಳಲ್ಲಿ ಒಬ್ಬ ಲೂಧಿಯಾನದ ಸಿಖ್ ಹುಡುಗ. ಚಿತ್ರ ನೋಡಿ ಬಂದ ರಾತ್ರಿ ಅವನು ಊಟಕ್ಕೂ ಇಳಿಯಲಿಲ್ಲ. ಮರುದಿನ ನಾನು ವಿಚಾರಿಸಿದಾಗ ಅವನು ಹೇಳಿದ್ದರ ತಾತ್ಪರ್ಯ ಇಷ್ಟು: ಜಗತ್ತಿನ ಇಷ್ಟು ದೊಡ್ಡ ವಿಜ್ಞಾನ ಕಥೆಯಲ್ಲಿ, ಬುದ್ಧಿಯಲ್ಲೂ ಬಲದಲ್ಲೂ ನಾಯಕನನ್ನು ಮೀರಿಸುವ ಒಬ್ಬ ಸಿಂಗ್ ಇದ್ದಾನೆ ಎಂದು ಅವನು ಚಿಕ್ಕಂದಿನಿಂದ ಹೆಮ್ಮೆಪಟ್ಟಿದ್ದ, ಖಳನಾದರೂ ಸರಿ, ಅವನು ತಮ್ಮವನು. ಪಾತ್ರದ ಹೆಸರನ್ನು ಇಟ್ಟುಕೊಂಡು ಮನುಷ್ಯನನ್ನು ಬದಲಾಯಿಸಿದರು ಎಂಬುದು ಅವನ ನೋವು. ಮೊಂಟಾಲ್ಬಾನ್ ಕೂಡ ಭಾರತೀಯರಲ್ಲವಲ್ಲ ಎಂದು ನಾನು ಅಧ್ಯಾಪಕನ ಚಾಳಿಗೆ ತಕ್ಕಂತೆ ಕೇಳಿದೆ. ಅಲ್ಲ, ಆದರೆ ಅದು 1967 ಎಂದ. ನನ್ನಲ್ಲಿ ಮರುಮಾತಿರಲಿಲ್ಲ. ಇಂತಹ ಆಕ್ಷೇಪ ಭಾರತದಲ್ಲಿ ಮಾತ್ರವಲ್ಲ, ಅಮೆರಿಕದ ಅಭಿಮಾನಿಗಳ ನಡುವೆಯೂ ಗಟ್ಟಿಯಾಗಿ ಕೇಳಿಬಂತು. ಇದನ್ನು ಆಟಿಕೆಯ ಹಟವೆಂದು ಕರೆಯುವ ಮೊದಲು ನಿಮ್ಮ ಲೇಖಕರು ಆ ಹುಡುಗನೆದುರು ಹತ್ತು ನಿಮಿಷ ಕುಳಿತಿದ್ದರೆ ಚೆನ್ನಾಗಿತ್ತು.

ಚಿತ್ರತಂಡ ಇನ್ನೊಂದು ತಪ್ಪನ್ನೂ ಮಾಡಿತು. ಖಳನ ಹೆಸರು ಜಾನ್ ಹ್ಯಾರಿಸನ್, ಅವನು ಖಾನ್ ಅಲ್ಲ ಎಂದು ಬಿಡುಗಡೆಯವರೆಗೂ ಸಾಧಿಸಿತು. ಅಭಿಮಾನಿಗಳು ತಿಂಗಳುಗಳ ಮೊದಲೇ ಗುಟ್ಟನ್ನು ಊಹಿಸಿದ್ದರು. ಹಳೆಯ ಕಥೆ ಗೊತ್ತಿಲ್ಲದವರಿಗೆ ಖಾನ್ ಎಂಬ ಹೆಸರು ಬಯಲಾದಾಗ ಅದರಲ್ಲಿ ಬೆಚ್ಚಿಬೀಳುವಂಥದ್ದೇನೂ ಇರಲಿಲ್ಲ, ಗೊತ್ತಿದ್ದವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಹಾಗಾದರೆ ಮುಚ್ಚಿಟ್ಟದ್ದು ಯಾರಿಗಾಗಿ? ಹಾಗೆ ಬಚ್ಚಿಡಬಾರದಿತ್ತೆಂದು ಆ ವರ್ಷದ ಕೊನೆಗೆ ಅಬ್ರಾಮ್ಸ್ ಅವರೇ ಹೇಳಿದರು.

2013ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಸಮಾವೇಶದಲ್ಲಿ ಸೇರಿದ ಅಭಿಮಾನಿಗಳು ಅಲ್ಲಿಯವರೆಗಿನ ಎಲ್ಲ ಸ್ಟಾರ್ ಟ್ರೆಕ್ ಚಿತ್ರಗಳನ್ನು ಸಾಲಿನಲ್ಲಿಟ್ಟಾಗ 1982ರದು ತುದಿಯಲ್ಲಿ ನಿಂತಿತು, 2013ರದು ತಳ ಸೇರಿತು. ನಿಮ್ಮ ಲೇಖಕರು ಇದನ್ನು ಉಲ್ಲೇಖಿಸಿ, ಹಣಗಳಿಕೆಯ ಲೆಕ್ಕ ಕೊಟ್ಟು, ಜನರ ತೀರ್ಪೇ ಬೇರೆ ಅಭಿಮಾನಿಗಳ ತೀರ್ಪೇ ಬೇರೆ ಎಂದಿದ್ದಾರೆ. ಲೆಕ್ಕವೇನೋ ಸರಿಯೇ; 2009ರ ಚಿತ್ರ ಜಗತ್ತಿನಾದ್ಯಂತ ಸುಮಾರು 38 ಕೋಟಿ ಡಾಲರ್ ಗಳಿಸಿದರೆ 2013ರದು 46 ಕೋಟಿ ಡಾಲರ್ ದಾಟಿತು. ಆದರೆ ಮುಂದಿನದನ್ನೂ ಹೇಳಬೇಕಿತ್ತು. 2016ರ ಚಿತ್ರ ಸುಮಾರು 34 ಕೋಟಿಗೆ ನಿಂತುಹೋಯಿತು, ಮೂರರಲ್ಲಿ ಅತಿ ಕಡಿಮೆ. ಆ ತಂಡದ ನಾಲ್ಕನೆಯ ಚಿತ್ರದ ಮಾತು ವರ್ಷಗಟ್ಟಲೆ ಮಾತಾಗಿಯೇ ಉಳಿಯಿತು. ಒಂದು ಕಾರಣದಿಂದಲೇ ಹೀಗಾಯಿತೆಂದು ನಾನು ಸಾಧಿಸುವುದಿಲ್ಲ. ಆದರೆ ಹಿಂದಿನ ಆಟದಲ್ಲಿ ನೊಂದು ಹೋದ ಪ್ರೇಕ್ಷಕ ಮುಂದಿನ ಆಟಕ್ಕೆ ಟಿಕೇಟು ತೆಗೆದುಕೊಳ್ಳುವ ಮೊದಲು ಯೋಚಿಸುತ್ತಾನೆ ಎಂಬುದು ಡೇರೆ ಮೇಳ ನಡೆಸಿದ ಯಜಮಾನರಿಗೆಲ್ಲ ಗೊತ್ತಿದ್ದ ವಿಷಯ.

ವಿಚಿತ್ರವೆಂದರೆ ಆ ಮೂರನೆಯ ಚಿತ್ರ ಮೂರರಲ್ಲಿ ಹಳೆಯ ಧಾರಾವಾಹಿಯ ಸ್ವಭಾವಕ್ಕೆ ಹತ್ತಿರವಾದದ್ದು. ಅದರ ಚಿತ್ರಕಥೆ ಬರೆದ ಇಬ್ಬರಲ್ಲಿ, ಸ್ಕಾಟಿಯ ಪಾತ್ರ ಮಾಡಿದ ಸೈಮನ್ ಪೆಗ್ ಒಬ್ಬರು, ಸ್ವತಃ ಹಳೆಯ ಅಭಿಮಾನಿ. ಆದರೆ 2015ರ ಡಿಸೆಂಬರಿನಲ್ಲಿ ಬಂದ ಮೊದಲ ಟ್ರೇಲರಿನಲ್ಲಿ ಕಿವಿಗಡಚಿಕ್ಕುವ ಹಾಡು, ಮೋಟಾರ್ ಬೈಕು, ಹೊಡೆದಾಟವೇ ತುಂಬಿದ್ದು ಕಂಡು, ಕಾರಿನ ರೇಸಿನ ಚಿತ್ರಗಳಿಂದ ಬಂದ ನಿರ್ದೇಶಕ ಜಸ್ಟಿನ್ ಲಿನ್ ಇದನ್ನೂ ರೇಸು ಮಾಡಿಬಿಟ್ಟರೆಂದು ಜನ ತೀರ್ಮಾನಿಸಿದರು. ಆ ಟ್ರೇಲರ್ ತನಗೂ ಹಿಡಿಸಲಿಲ್ಲವೆಂದು ಪೆಗ್ ಹೇಳಬೇಕಾಯಿತು. ಇಲ್ಲಿ ಅಭಿಮಾನಿಗಳು ದುಡುಕಿದರು, ನಿಜ. ಚಿತ್ರದ ಕೊನೆಯಲ್ಲಿ, 2015ರಲ್ಲಿ ತೀರಿಕೊಂಡ ನಿಮೊಯ್ ಅವರ ನೆನಪಿಗೆ, ಮುದಿ ಸ್ಪಾಕ್ ಬಿಟ್ಟುಹೋದ ವಸ್ತುಗಳೊಳಗೆ ಹಳೆಯ ತಂಡದವರೆಲ್ಲ ಇರುವ ಭಾವಚಿತ್ರವೊಂದನ್ನು ಹೊಸ ಸ್ಪಾಕ್ ಕೈಗೆತ್ತಿಕೊಳ್ಳುವ ಗಳಿಗೆಯಿದೆ. ಮಹಡಿಯ ಹುಡುಗರ ಲ್ಯಾಪ್‌ಟಾಪಿನಲ್ಲಿ ಅದನ್ನು ನೋಡುವಾಗ ನಾನು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಅಭಿಮಾನಿಗಳದ್ದು ಒಂದೇ ಧ್ವನಿಯಲ್ಲ ಎಂಬುದಕ್ಕೂ ಆ ಚಿತ್ರವೇ ಸಾಕ್ಷಿ. ಅದರಲ್ಲಿ ಸುಲು ಎಂಬ ಅಧಿಕಾರಿಗೆ ಪುರುಷ ಸಂಗಾತಿಯಿರುವುದನ್ನು ಒಂದು ಕ್ಷಣ ತೋರಿಸುತ್ತಾರೆ. ಮೂಲದಲ್ಲಿ ಸುಲು ಆಗಿದ್ದ, ಸಲಿಂಗಿಗಳ ಹಕ್ಕಿಗಾಗಿ ಹೋರಾಡುವ ಜಾರ್ಜ್ ಟಕೇ ಅವರಿಗೆ ಗೌರವ ಸಲ್ಲಿಸಲೆಂದೇ ಹಾಗೆ ಮಾಡಿದ್ದು. ಮೊದಲು ಆಕ್ಷೇಪಿಸಿದವರು ಟಕೇ ಅವರೇ! ರಾಡನ್‌ಬೆರಿ ಕಲ್ಪಿಸಿದ ಪಾತ್ರವನ್ನು ತಿರುಚುವ ಬದಲು ಹೊಸ ಪಾತ್ರವನ್ನು ಸೃಷ್ಟಿಸಿ ಎಂದರು. ಪೆಗ್ ಗೌರವದಿಂದಲೇ ಭಿನ್ನಾಭಿಪ್ರಾಯ ಸೂಚಿಸಿದರು. ಯಾರ ವಾದ ಸರಿ ಎಂದು ನನಗೆ ಇನ್ನೂ ನಿರ್ಧರಿಸಲಾಗಿಲ್ಲ.

ಕಥೆ ಯಾರದ್ದು ಎಂಬ ಪ್ರಶ್ನೆ ಆಗ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. ಅಕ್ಸನಾರ್ ಎಂಬ ಹೆಸರಿನಲ್ಲಿ ಅಭಿಮಾನಿಗಳು ತಮ್ಮದೇ ಸ್ಟಾರ್ ಟ್ರೆಕ್ ಚಿತ್ರ ಮಾಡಲು ಹತ್ತು ಲಕ್ಷ ಡಾಲರಿಗೂ ಮಿಕ್ಕಿ ವಂತಿಗೆ ಕೂಡಿಸಿದಾಗ, 2015ರ ಡಿಸೆಂಬರಿನಲ್ಲಿ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಸಂಸ್ಥೆಗಳು ದಾವೆ ಹೂಡಿದವು. ನಿರ್ದೇಶಕರಾದ ಅಬ್ರಾಮ್ಸ್ ಮತ್ತು ಲಿನ್ ಅಭಿಮಾನಿಗಳ ಪರ ನಿಂತರೂ ಪ್ರಕರಣ 2017ರ ಜನವರಿಯವರೆಗೆ ಎಳೆದು ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಅಭಿಮಾನಿಗಳ ಚಿತ್ರ 15 ನಿಮಿಷ ಮೀರಬಾರದು, ಎರಡು ಭಾಗ ಮಾಡಿದರೂ ಒಟ್ಟು 30 ನಿಮಿಷ ದಾಟಬಾರದು ಎಂಬ ನಿಯಮ ಬಂದಿತ್ತು. ಕಾನೂನು ಸಂಸ್ಥೆಗಳ ಕಡೆಗಿದೆ, ಅದರಲ್ಲಿ ಅನುಮಾನವಿಲ್ಲ. ವಾಲಿಯ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲದ ಊರಿನಲ್ಲಿ ಬೆಳೆದ ನನಗೆ ಮಾತ್ರ ಆ ಹದಿನೈದು ನಿಮಿಷದ ಲೆಕ್ಕ ಓದಿ ನಗು ಬಂತು.

ಲೇಖಕರ ಒಂದು ಮಾತನ್ನು ಪೂರ್ತಿ ಒಪ್ಪುತ್ತೇನೆ. 2016ರಲ್ಲಿ ಘೋಸ್ಟ್‌ಬಸ್ಟರ್ಸ್ ಸರಣಿಯನ್ನು ನಾಲ್ವರು ನಟಿಯರೊಂದಿಗೆ ಹೊಸದಾಗಿ ಆರಂಭಿಸಿದಾಗ ಅವರಲ್ಲೊಬ್ಬರಾದ ಲೆಸ್ಲಿ ಜೋನ್ಸ್ ಅವರ ಮೇಲೆ ಟ್ವಿಟರಿನಲ್ಲಿ ಸುರಿದ ಜನಾಂಗೀಯ ಬೈಗುಳ ಎಷ್ಟು ಹೊಲಸಾಗಿತ್ತೆಂದರೆ ಅವರು ಕೆಲಕಾಲ ಅಲ್ಲಿಂದಲೇ ಹೊರನಡೆದರು. ಅದನ್ನು ಅಭಿಮಾನಿಗಳ ಪ್ರತಿಕ್ರಿಯೆ ಎಂದು ಕರೆಯುವುದೇ ತಪ್ಪು. ಆಟದ ಗದ್ದೆಗೆ ಕಲ್ಲೆಸೆಯುವವನು ಪ್ರೇಕ್ಷಕನಲ್ಲ. ಆದರೆ ಲೂಧಿಯಾನದ ಹುಡುಗನನ್ನೂ ಆ ಕಲ್ಲೆಸೆಯುವವರನ್ನೂ ಒಂದೇ ಹೆಸರಿನಿಂದ ಕರೆದದ್ದೇ ಲೇಖನದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು.

ಕೊನೆಯದಾಗಿ ಒಂದು ತಿದ್ದುಪಡಿ. ಲೇಖನದ ಮೂರನೆಯ ಕಲಮಿನಲ್ಲಿ ಮೂಲ ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಯ ಕಪ್ತಾನ ಸ್ಪಾಕ್ ಎಂದು ಅಚ್ಚಾಗಿದೆ. ಅಲ್ಲಿ ಕಪ್ತಾನ ಕರ್ಕ್. ಸ್ಪಾಕ್ ವಿಜ್ಞಾನಾಧಿಕಾರಿ ಮತ್ತು ಕಪ್ತಾನನ ಬಳಿಕದ ಎರಡನೆಯ ಸ್ಥಾನದವನು. 1982ರ ಚಿತ್ರದ ಹೊತ್ತಿಗೆ ಅವನಿಗೂ ಕಪ್ತಾನನ ಪದವಿ ಬಂದಿತ್ತು, ಅದು ಬೇರೆ ಮಾತು. ದಯವಿಟ್ಟು ಮುಂದಿನ ಪುರವಣಿಯಲ್ಲಿ ಸರಿಪಡಿಸಿ. ಮಹಡಿಯಲ್ಲಿ ಈಗಿರುವ ಹುಡುಗರಲ್ಲಿ ಇಬ್ಬರು ಕನ್ನಡ ಬಲ್ಲವರು, ಅವರ ಪತ್ರ ನನ್ನದಕ್ಕಿಂತ ಉದ್ದವಾಗುವ ಸಂಭವವಿದೆ.

ಇತಿ ತಮ್ಮ ಓದುಗ,
ನಿವೃತ್ತ ಅಧ್ಯಾಪಕ,
ಕುಂಜಿಬೆಟ್ಟು, ಉಡುಪಿ